ಹೂತ ಮೆಟ್ಟಿಲು

ಮೂವತ್ತೊಂಬತ್ತು ವರ್ಷಗಳ ಹಿಂದೆ, ಕಣ್ಣು ಕಾಣದ ಮಕ್ಕಳ ಆ ಶಾಲೆಗೆ ಮೊತ್ತಮೊದಲ ಸ್ವಂತ ಕಟ್ಟಡ ಏಳುತ್ತಿದ್ದಾಗ, ಅದರ ಮೆಟ್ಟಿಲುಗಳೆಲ್ಲ ಒಂದೇ ಎಣಿಕೆಯಲ್ಲಿರಬೇಕೆಂದು ಹಟ ಹಿಡಿದು ಗೆದ್ದವರು ಅಲ್ಲಿ ಮೇಷ್ಟರಾಗಿದ್ದ ಅವರು. ಯಾವ ಮೂಲೆಯ ಯಾವ ಮೆಟ್ಟಿಲಸಾಲನ್ನು ಇಳಿದರೂ ಹನ್ನೊಂದೇ ಹೆಜ್ಜೆ. ಹನ್ನೊಂದನೆಯ ಹೆಜ್ಜೆಗೆ ನೆಲ. ಕಂಬಿ ಹಿಡಿಯದೆ, ಕೋಲು ಊರದೆ, ಬೇರೆ ಶಾಲೆಗಳ ಮಕ್ಕಳು ಓಡುವ ಹಾಗೆಯೇ ತಮ್ಮ ಮಕ್ಕಳೂ ಓಡಬೇಕೆಂಬುದು ಅವರ ಆಸೆ. ನಿವೇಶನ ಇಳಿಜಾರಾಗಿದೆ, ಒಂದು ಕಡೆ ಹತ್ತು ಬಂದರೆ ಇನ್ನೊಂದು ಕಡೆ ಹದಿಮೂರು ಬಂದೇ ತೀರುತ್ತದೆ ಎಂದು ಇಂಜಿನಿಯರು ಕಡತ ಮುಚ್ಚಿಬಿಟ್ಟಿದ್ದ. ಅವರು ಆ ಕಚೇರಿಯ ಬೆಂಚಿನ ಮೇಲೆ ಹತ್ತೊಂಬತ್ತು ದಿನ ಕುಳಿತರು. ಹತ್ತೊಂಬತ್ತನೆಯ ದಿನ ಇಂಜಿನಿಯರೇ ಹೊರಗೆ ಬಂದು, "ಏನ್ರೀ ಮೇಷ್ಟ್ರೇ, ನಿಮಗೆ ಬೇರೆ ಕೆಲಸ ಇಲ್ವೇನ್ರೀ?" ಎಂದ. "ಇದೆ ಸಾರ್. ನಮ್ಮ ಬಾಡಿಗೆ ಮನೆ ಮೆಟ್ಟಿಲು ಒಂದೇ ಒಂದ್ಸಲ ಇಳಿದುಬಿಡಿ. ಆಮೇಲೆ ಈ ಕಡೆ ತಲೆ ಹಾಕಲ್ಲ" ಎಂದರು ಅವರು. ಶಾಲೆ ನಡೆಯುತ್ತಿದ್ದ ಬಾಡಿಗೆ ಮನೆಯ ಅಟ್ಟದ ಮೇಲೆ ಇಂಜಿನಿಯರನ ಕಣ್ಣಿಗೆ ತಮ್ಮ ಕರವಸ್ತ್ರವನ್ನೇ ಕಟ್ಟಿದರು. ಒಂದು ಮೆಟ್ಟಿಲು ಗಿಡ್ಡ, ಇನ್ನೊಂದು ಎತ್ತರ. ಏಳನೆಯದಕ್ಕೆ ಬರುವಷ್ಟರಲ್ಲಿ ಆ ದೊಡ್ಡ ಮನುಷ್ಯ ಗೋಡೆಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಕುಳಿತು, "ಯಾರಾದ್ರೂ ಕೈ ಕೊಡ್ರಪ್ಪಾ" ಎಂದು ಕೂಗಿದ್ದ. ಕೈ ಕೊಟ್ಟು ಇಳಿಸಿದ್ದು ಐದು ವರ್ಷದ ಒಂದು ಮಗು. ಮರುವಾರವೇ ನಕ್ಷೆ ಬದಲಾಯಿತು. ಎತ್ತರವಿದ್ದಲ್ಲಿ ನೆಲ ಅಗೆದು, ತಗ್ಗಿದ್ದಲ್ಲಿ ತುಂಬಿ, ಇಡೀ ಕಟ್ಟಡವನ್ನು ಹನ್ನೊಂದಕ್ಕೆ ತಂದರು.

ಹೊಸದಾಗಿ ಸೇರಿದ ಮಕ್ಕಳಿಗೆ ಪ್ರತಿವರ್ಷ ಮೊದಲ ದಿನ ಅವರು ಹೇಳುತ್ತಿದ್ದ ಕಥೆ ಇದು. ಇಂಜಿನಿಯರು ಗೋಡೆ ತಬ್ಬಿಕೊಳ್ಳುವಲ್ಲಿ ಮಕ್ಕಳು ನಗಬೇಕು, ನಗುತ್ತಿದ್ದರು. ಕೊನೆಗೆ "ಹಾಗಾದ್ರೆ ಈ ಮನೇಲಿ ಎಲ್ಲಿ ಇಳಿದ್ರೂ ಎಷ್ಟು?" ಎಂದು ಅವರು ಕೇಳಬೇಕು, "ಹನ್ನೊಂದು!" ಎಂದು ಮಕ್ಕಳು ಛಾವಣಿ ಹಾರುವಂತೆ ಕಿರುಚಬೇಕು. ಹೇಳಿ ಹೇಳಿ ಆ ಕಥೆ, ನೂರಾರು ಅಂಗೈಗಳು ಸವರಿದ ಕಂಬಿಯಂತೆ ನುಣುಪಾಗಿತ್ತು. ಅದರಲ್ಲಿ ಒಂದೇ ಒಂದು ಸುಳ್ಳಿರಲಿಲ್ಲ. ಅದು ನಿಲ್ಲಬೇಕಾದಲ್ಲಿಗಿಂತ ಸ್ವಲ್ಪ ಮೊದಲೇ ನಿಂತುಬಿಡುತ್ತಿತ್ತು, ಅಷ್ಟೆ. ಇತ್ತೀಚೆಗೆ ಅವರನ್ನು ಒಳಗೊಳಗೇ ಕೊರೆಯುತ್ತಿದ್ದುದು ಇದೇ.

ಈ ಬೆಳಿಗ್ಗೆಯೂ ಅಂಗಿಯ ಗುಂಡಿ ಹಾಕಿಕೊಳ್ಳುತ್ತ, ಮೇಲಿನಿಂದ ಕೆಳಕ್ಕೆ ಎಣಿಸುತ್ತ ನಿಂತುಬಿಟ್ಟಿದ್ದರು. ಮೇಜಿನ ಮೇಲೆ ಶಾಲೆಯ ಆಡಳಿತ ಮಂಡಳಿಯ ಪತ್ರ ಬಿಚ್ಚಿಕೊಂಡಿತ್ತು. ಮಕ್ಕಳಿಗೆ ಮೂರಂತಸ್ತಿನ ಹೊಸ ವಸತಿಗೃಹ ಕಟ್ಟಬೇಕಾಗಿದೆ. ಅದಕ್ಕೆ ವಾಸ್ತುಶಿಲ್ಪಿಯನ್ನು ಆರಿಸುವ ಸಮಿತಿಗೆ ನಿವೃತ್ತ ಮುಖ್ಯೋಪಾಧ್ಯಾಯರಾದ ತಾವೇ ಅಧ್ಯಕ್ಷರಾಗಬೇಕು. ಬಂದ ಏಳು ಅರ್ಜಿಗಳಲ್ಲಿ ಎರಡು ಉಳಿದಿವೆ. ಇಂದು ಹತ್ತೂವರೆಗೆ ಇಬ್ಬರನ್ನೂ ಕಂಡು ತೀರ್ಮಾನಿಸುವುದು. ಎರಡು ಹೆಸರುಗಳಲ್ಲಿ ಒಂದನ್ನು ಅವರು ಈ ಮೊದಲು ಕೇಳಿಯೇ ಇರಲಿಲ್ಲ. ಇನ್ನೊಂದನ್ನು ಇಪ್ಪತ್ತೆರಡು ವರ್ಷಗಳಿಂದ ಕೇಳಬಾರದೆಂದುಕೊಂಡಿದ್ದರು.

"ಎರಡರಲ್ಲಿ ಒಂದು ಆರಿಸೋದಕ್ಕೆ ಒಂದು ವಾರದಿಂದ ಊಟ ಸೇರ್ತಿಲ್ಲ ನಿಮಗೆ. ನನ್ನ ಮದುವೆ ಆಗೋದಕ್ಕೆ ಹತ್ತೇ ನಿಮಿಷದಲ್ಲಿ ಹೂಂ ಅಂದಿದ್ರಲ್ಲ!" ಎಂದಳು ಹೆಂಡತಿ, ಕನ್ನಡಕವನ್ನು ಸೆರಗಿನಿಂದ ಒರೆಸಿ ಕೈಗಿಡುತ್ತ.

"ಅದಕ್ಕೇ ಈಗ ಯೋಚನೆ ಮಾಡ್ತಿರೋದು."

"ಮಾಡಿ, ಮಾಡಿ. ಅಲ್ಲಿ ಹೋಗಿ ನಿಮ್ಮ ಹನ್ನೊಂದರ ಪುರಾಣ ಮಾತ್ರ ಬಿಚ್ಚಬೇಡಿ. ಪಾಪ, ಕೆಲಸ ಇರೋ ಜನ ಅವರು."

ಆಕೆ ನಗುತ್ತಿದ್ದಳು. ನಲವತ್ತಾರು ವರ್ಷ ಒಂದೇ ಸೂರಿನ ಕೆಳಗಿದ್ದವಳಿಗೂ ಹೇಳಿಕೊಳ್ಳದ ಒಂದು ಸಂಗತಿ ತಮ್ಮಲ್ಲಿದೆಯೆಂಬುದು ಅವರಿಗೆ ಆ ಕ್ಷಣ, ಬಾಯಲ್ಲಿ ಕಲ್ಲು ಸಿಕ್ಕಂತೆ ಕಟಕ್ಕೆಂದು ತಾಗಿತು. ಏನನ್ನೋ ಹೇಳಲು ತಿರುಗಿದರು. ಆಕೆ ಆಗಲೇ ಒಳಗೆ ನಲ್ಲಿ ತಿರುಗಿಸಿದ್ದಳು.

ಬೀದಿಯಲ್ಲಿ ನಡೆಯುವಾಗ ಜೇಬಿನ ಕೀಲಿಗೊಂಚಲು ತೊಡೆಗೆ ಬಡಿಯುತ್ತಿತ್ತು. ಅದರಲ್ಲಿನ ಹದಿನಾಲ್ಕು ಕೀಲಿಗಳಲ್ಲಿ ಈಗ ಶಾಲೆಯ ಯಾವ ಬಾಗಿಲನ್ನೂ ತೆರೆಯುವಂಥದು ಒಂದೂ ಇಲ್ಲ. ಬೀಗಗಳೆಲ್ಲ ಬದಲಾಗಿ ಎಷ್ಟೋ ಕಾಲವಾಯಿತು. ಆದರೂ ಅದನ್ನು ಇಟ್ಟುಕೊಳ್ಳದೆ ಅಲ್ಲಿಗೆ ಹೋಗಲು ಅವರಿಗೆ ಆಗುತ್ತಿರಲಿಲ್ಲ. ಆ ಶಾಲೆಯಲ್ಲಿ ಮನುಷ್ಯರಿಗೆ ಹೆಸರು ಬೀಳುತ್ತಿದ್ದುದು ಸದ್ದಿನಿಂದ, ವಾಸನೆಯಿಂದ. ಅಡುಗೆಯಾಕೆ 'ಕೆಮ್ಮಮ್ಮ', ಗುಮಾಸ್ತ 'ಬೂಟು', ಅವರು 'ಗೊಂಚಲು ಸಾರ್'. ಗೇಟು ದಾಟುತ್ತಿದ್ದಂತೆ, ಅವರು ನಿವೃತ್ತರಾದ ಮೇಲೆ ಹುಟ್ಟಿದ ಒಂದು ಮಗು ಮರದ ಕೆಳಗಿನಿಂದಲೇ "ಗೊಂಚಲು ಸಾರ್ ಬಂದ್ರು!" ಎಂದು ಕೂಗಿತು. ಅವರ ಎದೆ ಹಿಗ್ಗಿತು. ಹಿಗ್ಗಿದ್ದಕ್ಕೆ ನಾಚಿಕೆಯೂ ಆಯಿತು. ಎಪ್ಪತ್ತೈದರ ಅಂಚಿನಲ್ಲೂ ಹೊಗಳಿಕೆಯ ಮುಂದೆ ಬಾಲ ಅಲ್ಲಾಡಿಸುವ ಆ ಪ್ರಾಣಿ ತಮ್ಮೊಳಗೆ ಮುದಿಯಾಗದೆ ಉಳಿದುಬಿಟ್ಟಿದೆ. ಅಂದು ಅದೇ ಅಲ್ಲವೇ ಆರಿಸಿದ್ದು?

ಅಂದೂ ಇಬ್ಬರು ಬಂದಿದ್ದರು. ಇಪ್ಪತ್ತೆರಡು ವರ್ಷಗಳ ಹಿಂದೆ, ಸಭಾಂಗಣದ ಕಟ್ಟಡ ಕಟ್ಟುವ ಕಾಲ. ಒಬ್ಬಾಕೆ ಬಂದವಳೇ ಪ್ರಶ್ನೆಗಳ ಸುರಿಮಳೆಗರೆದಿದ್ದಳು: ಮಕ್ಕಳು ಗುಂಪಾಗಿ ಇಳಿಯುತ್ತಾರೋ ಒಬ್ಬೊಬ್ಬರಾಗಿಯೋ, ಬಾಗಿಲು ತೆರೆದಾಗ ಸದ್ದು ಯಾವ ಕಡೆಯಿಂದ ಬರಬೇಕು, ಗೋಡೆಯನ್ನು ಯಾವ ಕೈಯಲ್ಲಿ ಸವರುತ್ತಾರೆ. ಅರ್ಧ ಗಂಟೆಯಲ್ಲಿ ಅವರಿಗೆ ಬೇಸರ ಬಂದಿತ್ತು; ಇವೆಲ್ಲ ತಮಗೆ ತಿಳಿದಿರುವಾಗ ಈಕೆಗೇಕೆ ಎಂದು. ಇನ್ನೊಬ್ಬ ಸುಗಂಧ ಬಳಿದುಕೊಂಡು, ಇಸ್ತ್ರಿಯ ಮಡಿಕೆ ಕೆಡದಂತೆ ಕುಳಿತು, "ನಿಮ್ಮ ವಾರ್ಷಿಕ ವರದಿ ಓದಿದೆ ಸಾರ್. ಒಂದೊಂದು ವಾಕ್ಯವೂ ಕಟ್ಟಡದ ಹಾಗೆ ನಿಂತಿದೆ. ನಾನು ಹೊಸದಾಗಿ ಏನು ಕಟ್ಟಲಿ?" ಎಂದಿದ್ದ. ಮಕ್ಕಳು ಅವನಿಗೆ ಅಂದೇ 'ಸೆಂಟು ಮಾಮ' ಎಂದು ಹೆಸರಿಟ್ಟರು. ಅವರು ಅವನನ್ನೇ ಆರಿಸಿದರು.

ಹಳೆಯ ಕಟ್ಟಡದ ಉದ್ದನೆಯ ಮೊಗಸಾಲೆ ಮುಗಿದು ಸಭಾಂಗಣದ ಮೆಟ್ಟಿಲು ಶುರುವಾಗುವ ಕಡೆ ನೆಲ ಕಂಡೂ ಕಾಣದಷ್ಟು ಏರುತ್ತದೆ. ಆರೇಳು ಮಾರು ಉದ್ದಕ್ಕೆ ಅರ್ಧ ಅಡಿ. ಕಣ್ಣಿಗೆ ತಿಳಿಯದು, ಮೀನಖಂಡಕ್ಕೆ ತಿಳಿಯುತ್ತದೆ. ಅಲ್ಲಿಗೆ ಬಂದಾಗಲೆಲ್ಲ ಅವರು ಸ್ವಲ್ಪ ಬಿರಬಿರನೆ ಹೆಜ್ಜೆ ಹಾಕುತ್ತಾರೆ, ಮಲಗಿದವರನ್ನು ದಾಟಿ ಹೋಗುವವರ ಹಾಗೆ. ಇವತ್ತೂ ಹಾಗೆಯೇ ದಾಟಿ ಹತ್ತತೊಡಗಿದರು. ಒಂದು, ಎರಡು, ಮೂರು. ಹಿಂದೆ ಯಾರೋ ಬರುತ್ತಿದ್ದ ಸದ್ದು: ಒಂದು ಕಾಲು ಗಟ್ಟಿಯಾಗಿ ಬಿತ್ತು, ಇನ್ನೊಂದು ಎಳೆದುಕೊಂಡು ಬಂದು ಅದರ ಪಕ್ಕ ಸೇರಿತು. ತಿರುಗಿ ನೋಡಬೇಕಾಗಿರಲಿಲ್ಲ. ಇಲ್ಲಿಯೇ ಕಲಿತು, ಇಲ್ಲಿಯೇ ಈಗ ಲೆಕ್ಕ ಕಲಿಸುವ ಟೀಚರು, ಸಮಿತಿಯ ಮೂರನೆಯ ಸದಸ್ಯೆ.

"ಸಾರ್, ಇವತ್ತು ಕಂಬಿ ಹಿಡಕೊಂಡು ಹತ್ತುತ್ತಿದ್ದೀರ. ಉಂಗುರ ಕಂಬಿಗೆ ತಾಗಿದ್ದು ಕೇಳಿಸ್ತು."

"ವಯಸ್ಸಾಯ್ತಲ್ಲಮ್ಮ."

"ಮೆಟ್ಟಿಲಿಗೆ ಮಾತ್ರ ವಯಸ್ಸಾಗಲ್ಲ ನೋಡಿ. ಅವತ್ತೂ ಹನ್ನೊಂದು, ಇವತ್ತೂ ಹನ್ನೊಂದು." ಅವಳು ತಮಾಷೆಗೆ ಅಂದದ್ದು. ಎಡ ಸೊಂಟ ಒಂದಿಷ್ಟು ಮೇಲೆದ್ದು ಇಳಿಯುವ ಅವಳ ನಡಿಗೆಯ ಜೊತೆಯಲ್ಲೇ ಅವಳ ಮಾತೂ ಏರಿ ಇಳಿಯುತ್ತಿತ್ತು.

ನಕ್ಷೆಯಲ್ಲಿ ಮೆಟ್ಟಿಲಸಾಲೆಂದರೆ ಒಂದರ ಪಕ್ಕ ಒಂದು ಜೋಡಿಸಿದ ಕಿರಿದಾದ ಚೌಕಗಳು. ಸಭಾಂಗಣ ಅರ್ಧ ಅಂತಸ್ತಿನಷ್ಟೇ ಎತ್ತರದಲ್ಲಿದ್ದುದರಿಂದ ಒಂದೇ ನೇರ ಸಾಲು. ಅಂದು ನಕ್ಷೆ ಬಂದಾಗ ಅವರು ಪೆನ್ಸಿಲಿನ ತುದಿಯಿಂದ ಒಂದೊಂದೇ ಚೌಕವನ್ನು ಮುಟ್ಟುತ್ತ ಎಣಿಸಿ, ಹನ್ನೊಂದಿದೆಯೆಂದು ತೃಪ್ತರಾಗಿದ್ದರು. ಆದರೆ ಕಾಲು ಚೌಕಗಳನ್ನು ಎಣಿಸುವುದಿಲ್ಲ, ಇಳಿತಗಳನ್ನು ಎಣಿಸುತ್ತದೆ. ಕೊನೆಯ ಚೌಕದಿಂದ ನೆಲಕ್ಕೆ ಇಡುವ ಒಂದು ಹೆಜ್ಜೆ ಕಾಗದದ ಮೇಲೆ ಚೌಕವಾಗಿ ಕಾಣುವುದೇ ಇಲ್ಲ. ಆ ಮನೆಯ ಯಾವ ಕುರುಡು ಮಗುವೂ ಮಾಡದಿದ್ದ ತಪ್ಪು ಅದು. ಕಣ್ಣಿರುವವನು, ಅದೂ ಕಣ್ಣನ್ನು ನೆಚ್ಚಿಕೊಂಡವನು ಮಾತ್ರ ಮಾಡಬಹುದಾದದ್ದು. ಸೆಂಟು ಮಾಮ ಕಾಗದ ಬರೆದು ಕೇಳಿಯೂ ಇದ್ದ: 'ನೆಲಕ್ಕೆ ಇಳಿಯುವ ಹೆಜ್ಜೆಯನ್ನು ಸೇರಿಸಿದರೆ ಹನ್ನೆರಡಾಗುತ್ತದೆ, ದಯವಿಟ್ಟು ಪರಿಶೀಲಿಸಿ ತಿಳಿಸಿ.' ಅವರಿಗೆ ಕಿಡಿ ಹತ್ತಿತ್ತು. ಹನ್ನೊಂದನ್ನು ಈ ಲೋಕಕ್ಕೆ ತಂದವನಿಗೆ ಹನ್ನೊಂದನ್ನು ಕಲಿಸುವುದೇ? ಪತ್ರದ ಅಂಚಿನಲ್ಲೇ, 'ಹನ್ನೊಂದರ ವಿಷಯದಲ್ಲಿ ನನಗೆ ಪಾಠ ಬೇಡ. ಎಣಿಸಿದ್ದೇನೆ' ಎಂದು ಬರೆದು ಸಹಿ ಹಾಕಿ ಹಿಂದಿರುಗಿಸಿದ್ದರು. ಬರೆದ ಮೇಲೆ ಆ ವಾಕ್ಯದ ಬಿಗಿಯನ್ನು ಮೆಚ್ಚಿಕೊಂಡು ಎರಡು ಸಲ ಓದಿಕೊಂಡದ್ದೂ ಅವರಿಗೆ ನೆನಪಿದೆ.

ಸಭಾಂಗಣದಲ್ಲಿ ಕಾರ್ಯದರ್ಶಿ ಆಗಲೇ ಬಂದು ಕಾಲು ಚಾಚಿ ಕುಳಿತಿದ್ದ. ಔಷಧದ ಅಂಗಡಿಯ ಮಾಲೀಕ. ಬಾಯಿ ಬಿಟ್ಟರೆ ನಗೆಚಾಟಿಕೆ. "ಬನ್ನಿ ಹೆಡ್‌ಮಾಸ್ಟ್ರೇ, ಬನ್ನಿ. ಇವತ್ತು ಸ್ವಯಂವರ. ಹಾರ ನಿಮ್ಮ ಕೈಲಿದೆ, ಯಾರ ಕೊರಳಿಗೆ ಹಾಕ್ತೀರೋ ನೋಡೋಣ."

"ವರರು ಬಂದ್ರಾ?" ಎಂದಳು ಟೀಚರು.

"ಒಬ್ಬ ಬಂದಿದ್ದಾನೆ, ಇನ್ನೊಬ್ಬ ಆಗ್ಲಿಂದ ನೆಲದ ಮೇಲೆ ತೆವಳ್ತಿದ್ದಾನೆ. ಮೂರು ದಿನದಿಂದ ಅದೇ ಕೆಲಸ ಅವನದು."

"ಟೇಪಣ್ಣ," ಎಂದಳು ಅವಳು ನಕ್ಕು. "ಮಕ್ಕಳು ಟೇಪಿನ ಇನ್ನೊಂದು ತುದಿ ಹಿಡಿಯೋದಕ್ಕೆ ಸಾಲು ನಿಂತಿದ್ವು. ಅಳತೆ ತಗೊಂಡಮೇಲೆ ಎಷ್ಟು ಬಂತು ಅಂತ ಅವಕ್ಕೂ ಹೇಳ್ತಿದ್ರಂತೆ."

ಮೊದಲು ಬಂದದ್ದು ವಾಸನೆ. ಇಪ್ಪತ್ತೆರಡು ವರ್ಷಗಳಾದರೂ ಬದಲಾಗದ ಅದೇ ಸುಗಂಧ. ಅದರ ಹಿಂದೆ ಹಣೆ ಅಗಲವಾಗಿ, ಕತ್ತು ಸಡಿಲವಾಗಿ, ಮಡಿಕೆ ಮಾತ್ರ ಕೆಡದ ಸೆಂಟು ಮಾಮ. ಅವನ ಇಬ್ಬರು ಸಹಾಯಕರು ವಸತಿಗೃಹದ ಮಾದರಿಯನ್ನು ಹೊತ್ತು ತಂದು ಮೇಜಿನ ಮೇಲಿಟ್ಟರು. ಕಾರ್ಯದರ್ಶಿ ಎದ್ದು ನಿಂತು "ಅಬ್ಬಬ್ಬಾ" ಎಂದ. ನಿಜಕ್ಕೂ ಬೆರಗಾಗುವ ಹಾಗಿತ್ತು: ಬೆರಳುದ್ದದ ಮರಗಳು, ಕಿಟಕಿಗಳಿಗೆ ನೀಲಿ ಹಾಳೆ, ಒಳಗೆ ಉರಿಯುವ ಪುಟ್ಟ ದೀಪಗಳು. ಲೆಕ್ಕದ ಟೀಚರು ಕುರ್ಚಿಯಿಂದ ಮುಂದೆ ಬಾಗಿ ಎರಡೂ ಕೈ ಚಾಚಿದಳು. ಟಕ್ಕೆಂದು ಉಗುರು ಗಾಜಿಗೆ ತಾಗಿತು. ಮಾದರಿಗೆ ನಾಲ್ಕೂ ಕಡೆ, ಮೇಲೂ, ಗಾಜಿನ ಮುಚ್ಚಳವಿತ್ತು. ಅವಳ ಹತ್ತು ಬೆರಳುಗಳು ಒಂದು ಗಳಿಗೆ ಗಾಜಿನ ಮೇಲೆ ಮಳೆಹನಿಯಂತೆ ನಿಂತು, ಆಮೇಲೆ ಜಾರಿ ಅವಳ ಮಡಿಲಿಗೆ ಮರಳಿದವು.

"ಧೂಳು ಕೂರಬಾರದು ಅಂತ," ಎಂದ ಸೆಂಟು ಮಾಮ.

"ಸರಿ ಸಾರ್, ಧೂಳು ಒಳ್ಳೇದಲ್ಲ," ಎಂದಳು ಅವಳು.

ಅವರು ತಲೆ ತಗ್ಗಿಸಿ ಕಾಗದಗಳನ್ನು ಮಗುಚಿದರು. ಸೆಂಟು ಮಾಮ ನಲವತ್ತು ನಿಮಿಷ ನಿರರ್ಗಳವಾಗಿ ಮಾತಾಡಿದ. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಹೊರಡುವಾಗ ಅವರ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದು, ದನಿ ತಗ್ಗಿಸಿ, "ಹಳೇ ಫೈಲೆಲ್ಲ ಜೋಪಾನವಾಗಿ ಇಟ್ಟಿದ್ದೀನಿ ಸಾರ್. ಮೊನ್ನೆ ತೆಗೆದು ನೋಡಿದೆ. ಎಂಥ ಕೈಬರಹ ನಿಮ್ಮದು!" ಎಂದ. ಅವನ ಕಣ್ಣಲ್ಲಿದ್ದುದು ಪ್ರೀತಿಯೋ, ಎಚ್ಚರಿಕೆಯೋ? ಅಥವಾ ಏನೂ ಇಲ್ಲದೆ ಬರಿಯ ಮುದಿತನದ ತೇವವೋ? ಅವರು ಎಷ್ಟು ದಿಟ್ಟಿಸಿದರೂ ತಿಳಿಯಲಿಲ್ಲ. ಮೆಲ್ಲಗೆ ಕೈ ಬಿಡಿಸಿಕೊಂಡರು.

ಉದ್ಘಾಟನೆಯ ದಿನ ಇದೇ ಸಭಾಂಗಣದಲ್ಲಿ ಅತಿಥಿಗಳು ತುಂಬಿದ್ದರು. ಅವರು ಹನ್ನೊಂದರ ಕಥೆ ಹೇಳಿ, ಚಪ್ಪಾಳೆ ಗಿಟ್ಟಿಸಿ, ಅಷ್ಟಕ್ಕೆ ತೃಪ್ತಿಯಾಗದೆ, ಮುಂದಿನ ಸಾಲಿನಲ್ಲಿದ್ದ ಒಂಬತ್ತು ವರ್ಷದ ಹುಡುಗಿಯನ್ನು ಹತ್ತಿರ ಕರೆದಿದ್ದರು. ಶಾಲೆಯಲ್ಲೇ ಅತಿ ಜೋರಾಗಿ ಓಡುವವಳು. "ನೋಡಿ, ಮಕ್ಕಳನ್ನೆಲ್ಲ ಹಿಂಬಾಗಿಲಿಂದ ಕರೆತಂದಿದ್ದೀವಿ, ಈ ಮೆಟ್ಟಿಲನ್ನು ಇವಳು ಇನ್ನೂ ಮುಟ್ಟೇ ಇಲ್ಲ. ಹೇಗೆ ಇಳಿದು ಬರ್ತಾಳೆ ನೋಡಿ. ಹೋಗು ಮಗು, ಓಡು!" ಅವಳು ಬಾಗಿಲ ತನಕ ಗೋಡೆ ಸವರಿಕೊಂಡು ಹೋಗಿ, ಅಲ್ಲಿಂದ ಕೈಬಿಟ್ಟಳು. ಪುಟಪುಟನೆ ಹೆಜ್ಜೆಗಳು ಕೇಳಿಸಿದವು, ನಡುವೆ ಒಂದು ನಗುವೂ. ಆಮೇಲೆ ಧಡ್ ಎಂಬ ಸದ್ದು. ಚಪ್ಪಾಳೆ ತಟ್ಟಲು ಎತ್ತಿದ್ದ ಕೈಗಳು ಎತ್ತಿದಂತೆಯೇ ಉಳಿದವು. ಎಲ್ಲರಿಗಿಂತ ಮೊದಲು ಬಾಯಿ ತೆರೆದವರು ಅವರೇ: "ಅಯ್ಯೋ ಪಾಪ, ಎಣಿಕೆ ತಪ್ಪಿದಳು." ಇನ್ನೂ ಕೆಳಗೆ ಹೋಗಿ ನೋಡಿರಲಿಲ್ಲ. ನೋಡುವ ಮೊದಲೇ ಆ ಮಾತು, ಯಾರೋ ಒಳಗೆ ಸಿದ್ಧಪಡಿಸಿ ಇಟ್ಟಿದ್ದ ಹಾಗೆ, ನಾಲಗೆಯಿಂದ ಜಾರಿತ್ತು. ಆಮೇಲೆ ಇಳಿಯುತ್ತ ತಮ್ಮ ಕಾಲಿನಿಂದಲೇ ಎಣಿಸಿದರು. ಹನ್ನೊಂದಕ್ಕೆ ನೆಲ ಬರಲಿಲ್ಲ. ಕೆಳಗೆ ಇನ್ನೂ ಒಂದಿತ್ತು. ಅದರಾಚೆ ಅವಳು ಮಡಿಸಿಟ್ಟ ಬಟ್ಟೆಯ ಹಾಗೆ ಬಿದ್ದಿದ್ದಳು. "ನೆಲ ಸಿಗ್ಲಿಲ್ಲ ಸಾರ್," ಎಂದಳು. ಅಳುತ್ತಿರಲಿಲ್ಲ. ಅಚ್ಚರಿಯಿಂದ, ದೂರು ಹೇಳುವಂತೆ, "ನೆಲ ಸಿಗ್ಲಿಲ್ಲ."

"ಒಳಗೆ ಬರಬಹುದಾ ಸಾರ್?"

ಬಾಗಿಲಲ್ಲಿ ಟೇಪಣ್ಣ ನಿಂತಿದ್ದ. ಮೂವತ್ತರ ಆಚೀಚೆ, ಮಂಡಿಯ ಮೇಲೆ ಸಿಮೆಂಟಿನ ಧೂಳು, ಕಂಕುಳಲ್ಲಿ ರಟ್ಟಿನ ಡಬ್ಬದಂಥ ಏನೋ. ಕಾರ್ಯದರ್ಶಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಬಾಪ್ಪಾ, ಕೂತ್ಕೋ. ಏನಿದು, ಚಪ್ಪಲಿ ಡಬ್ಬಾನಾ?" ಎಂದ.

"ಹೌದು ಸಾರ್, ಮೂರು ಡಬ್ಬ ಕತ್ತರಿಸಿ ಅಂಟಿಸಿದ್ದು," ಎಂದ ಅವನು ಸ್ವಲ್ಪವೂ ನಾಚದೆ. ಅದನ್ನು ನೇರವಾಗಿ ಟೀಚರ ಮುಂದೆ ಇಟ್ಟ. "ಮುಟ್ಟಿ ಮೇಡಂ. ಬಲಗಡೆ ಗೋಡೆಗೆ ಅಂಟು ಇನ್ನೂ ಒಣಗಿಲ್ಲ, ಅದೊಂದು ಹುಷಾರು."

ಅವಳು ಮುಟ್ಟಿದಳು. ಬಾಗಿಲುಗಳನ್ನು ದಾಟಿ, ಕೋಣೆಗಳ ಮೂಲೆಗಳನ್ನು ತಡವಿ, ಮೆಟ್ಟಿಲು ಸಿಕ್ಕೊಡನೆ ಎರಡು ಬೆರಳುಗಳನ್ನು ಪುಟ್ಟ ಕಾಲುಗಳನ್ನಾಗಿ ಮಾಡಿ ಇಳಿಸಿದಳು. ತುಟಿಗಳು ಅಲ್ಲಾಡುತ್ತಿದ್ದವು. ಅಂತಸ್ತಿನಿಂದ ಅಂತಸ್ತಿಗೆ, ನಡುವಿನ ತಿರುವಿನಲ್ಲಿ ನಿಂತು, ಮತ್ತೆ. ಕೊನೆಗೆ ಬೆರಳುಗಳು ರಟ್ಟಿನ ನೆಲದ ಮೇಲೆ ನಿಂತಾಗ ಅವಳ ಮುಖ ಬಿಚ್ಚಿಕೊಂಡಿತು. "ಹನ್ನೊಂದು. ಎಲ್ಲ ಕಡೆ ಹನ್ನೊಂದು. ನೆಲ ಸೇರಿ ಹನ್ನೊಂದು, ಸಾರ್!" ಎಂದು ಅವರ ಕಡೆ ತಿರುಗಿದಳು. ಅವರ ಕಡೆಗೇ, ಅಷ್ಟು ಖಚಿತವಾಗಿ.

ಟೇಪಣ್ಣ ಪ್ರಶ್ನೆಗಳನ್ನು ಕೇಳತೊಡಗಿದ. ಮಕ್ಕಳು ನಿದ್ದೆಯಲ್ಲಿ ಎದ್ದಾಗ ಮೊದಲು ಏನನ್ನು ತಡಕುತ್ತಾರೆ? ಹೊಸಬರು ಎಷ್ಟು ದಿನ ಗೋಡೆ ಬಿಡುವುದಿಲ್ಲ? ಟೀಚರು ಉತ್ತರಿಸುತ್ತಿದ್ದಳು, ಆ ಇಬ್ಬರ ಮಾತು ಒಂದೇ ಹಗ್ಗವನ್ನು ಎರಡು ತುದಿಯಿಂದ ಹೊಸೆಯುವವರಂತೆ ಸಾಗಿತ್ತು. ಅವರು ಕೇಳುತ್ತ, ಈತನೇ ಸರಿ, ಈತನೇ, ಎಂದು ತಮ್ಮೊಳಗೆ ಏನೋ ಕರಗಿ ಹಗುರಾಗುವುದನ್ನು ಅನುಭವಿಸುತ್ತಿದ್ದರು. ಅಂದು ಪ್ರಶ್ನೆ ಕೇಳಿದ್ದ ಆ ಹೆಂಗಸಿಗೆ ಈಗ ಕ್ಷಮೆ ಕೇಳಿದಂತಾಗುತ್ತದೆ. ಒಂದಾದರೂ ಕೆಲಸವನ್ನು ನೆಟ್ಟಗೆ ಮಾಡಿ ಹೋದಂತಾಗುತ್ತದೆ.

"ಇನ್ನೊಂದು ವಿಷಯ ಸಾರ್," ಎಂದ ಅವನು, ಪುಸ್ತಕದ ಪುಟ ತಿರುವುತ್ತ. "ವಸತಿಗೃಹನ ಈ ಸಭಾಂಗಣದ ಬುಡಕ್ಕೇ ಸೇರಿಸಬೇಕು, ಅದಕ್ಕೇ ಇಲ್ಲೆಲ್ಲ ಅಳೆದೆ. ಈ ಮೆಟ್ಟಿಲಿನ ಕೆಳಗೆ ಮೊಗಸಾಲೆ ನೆಲ ಅರ್ಧ ಅಡಿ ಎದ್ದಿದೆ. ಕಾರಣ ಗೊತ್ತಾಗ್ಲಿಲ್ಲ. ಕುಟ್ಟಿ ನೋಡಿದ್ರೆ ಅಂಚಲ್ಲಿ ಸದ್ದೇ ಬೇರೆ. ನನಗನಿಸುತ್ತೆ, ಅದರ ಕೆಳಗೆ ಇನ್ನೊಂದು ಮೆಟ್ಟಿಲಿದೆ. ಯಾವಾಗ ಮುಚ್ಚಿದ್ರು, ಯಾಕೆ?"

"ಮೆಟ್ಟಿಲನ್ನ ಹೂತಿದ್ದೀವಾ!" ಎಂದು ಕಾರ್ಯದರ್ಶಿ ಮೇಜು ತಟ್ಟಿ ನಕ್ಕ. "ಏನ್ ಹೆಡ್‌ಮಾಸ್ಟ್ರೇ, ನಿಧಿಗಿಧಿ ಇಟ್ಟಿದ್ದೀರಾ ಅಲ್ಲಿ? ನಮಗೂ ಒಂದು ಪಾಲು ಕೊಡಿ!"

ಅವರು ಟೀಚರ ಕಡೆ ನೋಡಲಿಲ್ಲ. ನೋಡಲಿಲ್ಲವೆಂಬುದು ಅವಳಿಗೆ ಕಾಣುವಂತಿರಲಿಲ್ಲ; ಆದರೂ ನೋಡಲಿಲ್ಲ. ಅವಳ ಬೆರಳುಗಳು ರಟ್ಟಿನ ಮೆಟ್ಟಿಲಿನ ಕೊನೆಯಲ್ಲಿ ನಿಂತಲ್ಲೇ ನಿಂತಿದ್ದವು.

"ನೀರು ನುಗ್ತಿತ್ತು," ಎಂದರು. ದನಿ ಎಂದಿನಂತೆ ಸ್ಪಷ್ಟವಾಗಿತ್ತು. "ಹಿಂದೆ. ಅದಕ್ಕೇ ಎತ್ತರ ಮಾಡಿಸಿದ್ದು."

"ಹೌದಾ ಸಾರ್." ಅವನು ಬರೆದುಕೊಂಡ. ಬರೆದು, ಪೆನ್ಸಿಲನ್ನು ಕೆನ್ನೆಗೆ ಒತ್ತಿಕೊಂಡು, ಯಾರನ್ನೂ ನೋಯಿಸಬಾರದೆಂಬ ಮೆಲುದನಿಯಲ್ಲಿ ಹೇಳಿದ: "ಗೋಡೇಲಿ ನೀರಿನ ಗುರುತು ಎಲ್ಲೂ ಕಾಣ್ಲಿಲ್ಲ. ಇರಲಿ. ಕೆಲಸ ಶುರುವಾದಾಗ ಹೇಗೂ ಅಗೀಬೇಕಲ್ಲ, ತಿಳಿಯುತ್ತೆ."

ಅಗೆಯಬಹುದಿತ್ತು ಅಂದೇ. ಇಡೀ ಸಾಲನ್ನ ಒಡೆದು ಮತ್ತೆ ಕಟ್ಟಿದರೆ ಆಗುತ್ತಲ್ಲ ಸಾರ್, ಹೂಳೋದು ಯಾಕೆ ಎಂದು ಗಾರೆಯವನು ಕೇಳಿಯೂ ಇದ್ದ. ಸದ್ದಾಗುತ್ತೆ, ಎಂದಿದ್ದರು ಅವರು. ಆ ಮನೆಯಲ್ಲಿ ಒಂದು ಏಟು ಬಿದ್ದರೂ ನೂರಿಪ್ಪತ್ತು ಮಕ್ಕಳ ಕಿವಿಗಳು ನಿಮಿರುತ್ತವೆ. ಎಲ್ಲಿ, ಯಾವ ಮೆಟ್ಟಿಲು, ಎಷ್ಟನೆಯದು ಎಂಬುದನ್ನೆಲ್ಲ ಮಲಗಿದಲ್ಲೇ ಹೇಳಿಬಿಡುತ್ತವೆ. ಹೂಳುವುದಕ್ಕೆ ಸದ್ದಿಲ್ಲ. ಬಣ್ಣ ಹೊಡೆಯುತ್ತಿದ್ದೇವೆ, ಯಾರೂ ಆ ಕಡೆ ಹೋಗಬೇಡಿ ಎಂದು ಹೇಳಿ, ಒದ್ದೆ ಗಾರೆಯನ್ನು ಬುಟ್ಟಿ ಬುಟ್ಟಿಯಾಗಿ ಮೆಲ್ಲಗೆ ಸುರಿಸಿ, ನಾಲ್ಕು ದಿನದಲ್ಲಿ ಹನ್ನೆರಡನ್ನು ಹನ್ನೊಂದು ಮಾಡಿದ್ದರು. ಐದು ತಿಂಗಳ ಮೇಲೆ ಊರುಗೋಲಿನ ಮೇಲೆ ಮರಳಿ ಬಂದ ಹುಡುಗಿ ಮೊಟ್ಟಮೊದಲು ಕೇಳಿದ್ದು ಆ ಮೆಟ್ಟಿಲನ್ನು. ಒಂದೊಂದಾಗಿ ಇಳಿದಳು. ಮತ್ತೆ ಹತ್ತಿಸಿ ಎಂದಳು. ಮತ್ತೆ ಇಳಿದಳು. ಮೂರನೆಯ ಸಲ ನೆಲದ ಮೇಲೆ ನಿಂತು, ತಲೆ ತಗ್ಗಿಸಿ, "ಹನ್ನೊಂದೇ ಇದೆ ಸಾರ್. ನಾನೇ ತಪ್ಪು ಎಣಿಸಿದ್ದು," ಎಂದಳು. ಅವರು ಅವಳ ತಲೆ ನೇವರಿಸಿದ್ದರು. "ಪರವಾಗಿಲ್ಲ ಮಗು. ಎಲ್ಲರಿಗೂ ತಪ್ಪುತ್ತೆ." ಬೀಳಿಸಿದ್ದಕ್ಕಿಂತ, ಹೂತದ್ದಕ್ಕಿಂತ ಅದು ದೊಡ್ಡದು: ಅವರು ಅವಳನ್ನು ಕ್ಷಮಿಸಿದ್ದರು. ಅವಳು ಆ ಕ್ಷಮೆಯನ್ನು ಹೊತ್ತುಕೊಂಡೇ ದೊಡ್ಡವಳಾದಳು. ಇನ್ನೆಂದೂ ಎಣಿಕೆ ತಪ್ಪಬಾರದೆಂದು ಲೆಕ್ಕ ಕಲಿತಳು, ಲೆಕ್ಕ ಕಲಿಸುವವಳಾದಳು. ಹೊಸ ಮಕ್ಕಳಿಗೆ ಅವಳೇ ಹೇಳುತ್ತಾಳಂತೆ: ಎಣಿಸೋದನ್ನ ನಂಬಬೇಡಿ, ಇನ್ನೊಂದ್ಸಲ ಎಣಿಸಿ, ನಾನು ಒಂದ್ಸಲ ತಪ್ಪಿ ಸೊಂಟ ಮುರ್ಕೊಂಡೆ.

ಟೇಪಣ್ಣ ಹೋದ ಮೇಲೆ ಕಾರ್ಯದರ್ಶಿ ಚಹಾ ಹೀರುತ್ತ ಹೇಳಿದ, "ಹುಡುಗ ಒಳ್ಳೆಯವನೇ, ಆದ್ರೆ ಚಪ್ಪಲಿ ಡಬ್ಬ ನೋಡಿ ಮಂಡಳಿಯವರು ನಗ್ತಾರೆ. ನನ್ನ ಓಟು ಗಾಜಿನ ಮನೆಗೆ."

"ನನ್ನದು ಚಪ್ಪಲಿ ಡಬ್ಬಕ್ಕೆ," ಎಂದಳು ಟೀಚರು. "ಮುಟ್ಟೋದಕ್ಕೆ ಬಿಡದೇ ಇರೋ ಮನೇಲಿ ಮಕ್ಕಳು ಹೇಗೆ ಇರ್ತವೆ ಸಾರ್?" ಇಬ್ಬರೂ ಅಧ್ಯಕ್ಷರ ಕಡೆ ತಿರುಗಿದರು. ಉಳಿದದ್ದು ಅವರ ಒಂದು ಮತ.

ಆ ಕ್ಷಣದಲ್ಲಿ ಅವರಿಗೆ ಎಲ್ಲವೂ ಅಸಾಧ್ಯವಾದಷ್ಟು ಸರಳವಾಗಿ ಕಂಡಿತು. ಒಂದು ಹೆಸರು ಹೇಳಬೇಕು. ಹೇಳಿದರೆ ಕೆಲವೇ ತಿಂಗಳಲ್ಲಿ ಹಾರೆಗಳು ಬಂದು ಆ ಮೊಗಸಾಲೆಯ ನೆಲವನ್ನು ಅಗೆಯುತ್ತವೆ, ಅದರಡಿಯಿಂದ ಇನ್ನೂ ಹೊಳಪು ಮಾಸದ ಒಂದು ಮೆಟ್ಟಿಲು ಎದ್ದು ಬರುತ್ತದೆ. ಅದಕ್ಕೂ ಮೊದಲು ಈಗಲೇ, ಇಲ್ಲಿಯೇ, ನಾಲ್ಕು ಮಾತಿನಲ್ಲಿ ತಾವೇ ಹೇಳಿಬಿಡಬಹುದು. ಮಗು, ನಿನ್ನ ಎಣಿಕೆ ಸರಿಯಿತ್ತು. ಇಷ್ಟೇ. ನಾಲಗೆಯ ಮೇಲೆ ಆ ಮಾತನ್ನು ತಂದುಕೊಂಡರು ಕೂಡ. ಆದರೆ ಬಾಯಿ ತೆರೆದಾಗ ಬಂದದ್ದು ಬೇರೆ. ಅನುಭವವೆಂಬುದು ಉತ್ಸಾಹದಿಂದ ತುಂಬಿಕೊಡಲಾಗದ ಸಂಪತ್ತೆಂದೂ, ಈ ಸಂಸ್ಥೆಯ ಆವರಣವನ್ನು ಈಗಾಗಲೇ ಬಲ್ಲ ಕೈಗಳಿಗೇ ಮುಂದಿನ ಹೊಣೆಯನ್ನೂ ಒಪ್ಪಿಸುವುದು ಔಚಿತ್ಯವೆಂದೂ, ಈಗಿರುವ ಕಟ್ಟಡಕ್ಕೆ ಧಕ್ಕೆ ತಾರದೆ ಹೊಸದನ್ನು ಪ್ರತ್ಯೇಕವಾಗಿ ಕಟ್ಟಬೇಕೆಂದೂ ಅವರು ಹೇಳಿದರು. ನಡಾವಳಿ ಪುಸ್ತಕವನ್ನು ಎಳೆದುಕೊಂಡು ಅದನ್ನೇ ಬರೆದರು. ಲೇಖನಿ ಎಲ್ಲಿಯೂ ತಡವರಿಸಲಿಲ್ಲ. ವಾಕ್ಯ ಚೆನ್ನಾಗಿ ಬಂದಿತ್ತು. ಅದರ ಬಿಗಿಯನ್ನು ಮೆಚ್ಚಿಕೊಂಡು ತಾವು ಎರಡನೆಯ ಸಲ ಓದಿಕೊಳ್ಳುತ್ತಿರುವುದು ಅರಿವಿಗೆ ಬಂದಿತು. ಸಹಿ ಹಾಕಿದರು.

"ಅಬ್ಬಾ, ಏನ್ ಭಾಷೆ!" ಎಂದ ಕಾರ್ಯದರ್ಶಿ. ಟೀಚರು, "ಸರಿ ಸಾರ್. ನಿಮಗಿಂತ ನನಗೇನು ಗೊತ್ತು," ಎಂದಷ್ಟೇ ಹೇಳಿದಳು. ಕಾರ್ಯದರ್ಶಿ ಅಂಗಡಿಗೆ ಹೊತ್ತಾಯಿತೆಂದು ಧಡಧಡನೆ ಇಳಿದುಹೋದ. ಎಣಿಸದೆ.

ಅವರಿಬ್ಬರೂ ಮೆಲ್ಲಗೆ ಇಳಿಯತೊಡಗಿದರು. ಮಧ್ಯಾಹ್ನದ ಬಿಸಿಲು ಬಾಗಿಲಿನಿಂದ ಇಳಿದು ಅರ್ಧ ಮೆಟ್ಟಿಲುಗಳ ಮೇಲೆ ಬಿದ್ದಿತ್ತು. ಅವಳು ಎಂದಿನಂತೆ ಅ‌ವರ ಮೊಣಕೈ ಹಿಡಿಯಲಿಲ್ಲ. ಕೋಲನ್ನೂ ಊರಲಿಲ್ಲ, ಕಂಕುಳಲ್ಲಿ ಸಿಕ್ಕಿಸಿಕೊಂಡಿದ್ದಳು. ಗಟ್ಟಿ ಹೆಜ್ಜೆ, ಎಳೆದ ಹೆಜ್ಜೆ. ಅವರೊಳಗೆ ಎಣಿಕೆ ತಾನೇ ತಾನಾಗಿ ನಡೆದಿತ್ತು. ಎಂಟು, ಒಂಬತ್ತು, ಹತ್ತು. ಹನ್ನೊಂದಕ್ಕೆ ನೆಲ ಸಿಕ್ಕಿತು. ಬಿರಬಿರನೆ ದಾಟಿಬಿಡೋಣವೆಂದು ಅವರು ಮುಂದಡಿಯಿಟ್ಟರು. ಹಿಂದೆ ಅವಳ ಹೆಜ್ಜೆ ಕೇಳಿಸಲಿಲ್ಲ. ತಿರುಗಿದಾಗ ಅವಳು ಕೊನೆಯ ಮೆಟ್ಟಿಲ ಬುಡದಲ್ಲೇ ನಿಂತು ಕೋಲಿನ ತುದಿಯಿಂದ ನೆಲವನ್ನು ಕುಟ್ಟುತ್ತಿದ್ದಳು. ಟಕ್. ಒಂದು ಗೇಣು ಆಚೆಗೆ, ಟಕ್. ಇನ್ನೊಂದು ಗೇಣು. ಮೂರನೆಯ ಕಡೆ ಸದ್ದು ಬೇರೆಯಾಯಿತು. ಅದು ಅವರ ಮುದಿ ಕಿವಿಗೂ ಕೇಳಿಸಿತು. ಅವಳು ಅಲ್ಲಿಯೇ ಎರಡು ಸಲ ಕುಟ್ಟಿ, ತಲೆಯನ್ನು ಒಂದಿಷ್ಟು ವಾರೆ ಮಾಡಿ ಆಲಿಸಿದಳು. ಮೊಗಸಾಲೆಯ ಆ ತುದಿಯಲ್ಲಿ ಮಕ್ಕಳು ಊಟಕ್ಕೆ ಓಡುತ್ತಿದ್ದ ಗದ್ದಲ. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಲೆಕ್ಕವೊಂದನ್ನು ಹಿಂದುಮುಂದಾಗಿ ಮಾಡಿ ನೋಡುವ ಮಗುವಿನ ಮುಖದಂತಿತ್ತು ಅದು.

"ಸಾರ್," ಎಂದಳು, "ಆ ಇಂಜಿನಿಯರ್ ಕಣ್ಣಿಗೆ ಕರವಸ್ತ್ರ ಕಟ್ಟಿದ ಕಥೆ ಹೇಳಿ."

ಅವರ ಕೈ ಜೇಬಿನ ಕೀಲಿಗೊಂಚಲನ್ನು ಸದ್ದಾಗದಂತೆ ಮುಷ್ಟಿಯಲ್ಲಿ ಹಿಡಿದುಕೊಂಡಿತು. "ಎಷ್ಟು ಸಲ ಕೇಳಿದ್ದೀಯಲ್ಲಮ್ಮ ಅದನ್ನ."

"ಕೇಳಿದ್ದೀನಿ ಸಾರ್." ಅವಳು ಕೋಲನ್ನು ಆ ಜಾಗದ ಮೇಲೆಯೇ ಊರಿ, ಎರಡೂ ಕೈಗಳನ್ನು ಅದರ ಮೇಲಿಟ್ಟು ನಿಂತಳು. "ಇನ್ನೊಂದ್ಸಲ ಹೇಳಿ. ಮೊದಲಿಂದ, ಕೊನೇ ತನಕ. ನಾನು ಇಲ್ಲೇ ನಿಂತು ಎಣಿಸ್ತಿರ್ತೀನಿ."